ಇರುವೆ ಎಂದ ಅಳಿಯ

"ತಲಿ ಹಿಡೀರಿ ಅಳಿಯಂದ್ರ, ಮತ್ತ ಬಗ್ಗಾಕತ್ತೈತಿ," ಎಂದರು ವಿಭೂತಿ ಹಚ್ಚುತ್ತಿದ್ದ ಅಯ್ಯನವರು.

ಪರಮೇಶ ಮಾವನ ಗದ್ದದ ಕೆಳಗೆ ಅಂಗೈ ಕೊಟ್ಟು ತಲೆಯನ್ನು ಮೇಲೆತ್ತಿ ಹಿಡಿದ. ಬೂದೆಪ್ಪನಿಗೆ ಸ್ನಾನ ಮಾಡಿಸಿ, ಬಿಳಿ ಪಂಚೆ ಉಡಿಸಿ, ನಡುಮನೆಯ ಮರದ ಕುರ್ಚಿಯಲ್ಲಿ ಕೂರಿಸಿದ್ದರು. ಅವರ ಪೈಕಿಯಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಕುಳಿತೇ ಹೋಗಬೇಕು, ಕುಳಿತೇ ಮಣ್ಣಾಗಬೇಕು. ಎದೆಗೊಂದು ಬಟ್ಟೆ ಸುತ್ತಿ ಕುರ್ಚಿಯ ಬೆನ್ನಿಗೆ ಕಟ್ಟಿದ್ದರಿಂದ ಮೈ ನಿಂತಿತ್ತು, ತಲೆ ಮಾತ್ರ ಯಾರ ಮಾತೂ ಕೇಳುತ್ತಿರಲಿಲ್ಲ. ತೆಲುಗು ಸೀಮೆಯ ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಭೂತಗನ್ನಡಿ ಹಿಡಿದು ಬೆಸುಗೆ ಪರೀಕ್ಷೆ ಮಾಡಿದ ಮನುಷ್ಯ. ಬದುಕಿದ್ದಾಗಲೂ ಆ ಕತ್ತು ನೆಟ್ಟಗೆ ನಿಂತದ್ದನ್ನು ಕಂಡವರು ಕಡಿಮೆ.

ಗದ್ದ ತಣ್ಣಗಿತ್ತು. ಒಂದು ದಿನದ ಕುರುಚಲು ಗಡ್ಡ ಅಂಗೈಗೆ ಚುಚ್ಚುತ್ತಿತ್ತು. ಮುಖ ನೋಡದೆ ತಲೆ ಹಿಡಿಯುವ ಉಪಾಯ ಯಾವುದೂ ಇಲ್ಲವಾದ್ದರಿಂದ ಪರಮೇಶ ಒಮ್ಮೆ ಕ್ಯಾಲೆಂಡರಿನ ಕಡೆ, ಒಮ್ಮೆ ಫ್ಯಾನಿನ ಕಡೆ ನೋಡಿದ. ಪಾಪ, ಅಳು ತಡೆದುಕೊಳ್ಳುತ್ತಿದ್ದಾರೆ ಎಂದುಕೊಂಡರು ನೆರೆದವರು. ಅವನಿಗೆ ಆಗುತ್ತಿದ್ದದ್ದು ನಾಚಿಕೆ. ಅದು ಇಂದಿನದೂ ಆಗಿರಲಿಲ್ಲ, ಮೂರು ವರ್ಷ ಹಳೆಯದು.

ಅವನ ಹೆಂಡತಿ ಸುಮಂಗಲಾ ಅಪ್ಪನ ಕಾಲ ಬಳಿ ಕುಳಿತಿದ್ದಳು. ಹನ್ನೆರಡು ವರ್ಷದ ಮಗಳು ನಿರೀಕ್ಷಾ ಬಾಗಿಲ ಪಕ್ಕದ ಚಾಪೆಯ ಮೇಲೆ, ಕಾರ್ಖಾನೆಯ ಹಳೆಯ ಗೆಳೆಯ ಸುಬ್ಬರಾಯರ ಜೊತೆ. ಸುತ್ತ ಕಾಲನಿಯ ಏಳೆಂಟು ಮಂದಿ. ಹುಡುಗಿ ಬೆಳಗಿನಿಂದ ಅತ್ತು ಅತ್ತು ಸಾಕಾಗಿ, ಈಗ ಅಜ್ಜನ ಕತೆ ಹೇಳಲು ಶುರು ಮಾಡಿದ್ದಳು.

"ಒಂದ್ಸಲ ಅಜ್ಜ ಏನ್ ಮಾಡಿದ್ದ ಗೊತ್ತೇನ್ರಿ? ಹಿತ್ತಲದಾಗ ಒಂದು ಕೆಂಪು ಇರುವಿ ಹಿಡಿದು ಬಾಟ್ಲಿಗೆ ಹಾಕಿದ್ದ. 'ಇದು ಇರುವಿ ಅಲ್ಲ, ರೆಕ್ಕಿ ಇಲ್ಲದ ಕಣಜ' ಅಂತ ಕಾಲನಿ ಮಂದಿನೆಲ್ಲಾ ಕರದು ತೋರಿಸಿದ್ದ. ಪಪ್ಪಾ ಬಂದು ನೋಡಿ, 'ಮಾವಾರ, ಕಣಜಕ್ಕ ರೆಕ್ಕಿ ಇರತಾವು, ಇದು ಇರುವಿ' ಅಂದ. ಅಜ್ಜಗ ಎಷ್ಟ ನಾಚಿಕಿ ಆತಂದ್ರ, ಬಾಟ್ಲಿ ಅಂಗಿ ಒಳಗ ಮುಚ್ಚಿಟ್ಕೊಂಡ! ಅವತ್ತಿಂದ ನಾನು 'ಕಣಜದಜ್ಜ' ಅಂತನ ಕರೀತಿದ್ದೆ."

ಹೇಳುತ್ತ ಹೇಳುತ್ತ ಅವಳೇ ನಕ್ಕಳು, ಕಣ್ಣಲ್ಲಿ ನೀರೂ ಬಂತು. ಸಾವಿನ ಮನೆಯಲ್ಲಿ ಹೀಗೊಂದು ನಗು ಸಿಕ್ಕಿದರೆ ಬಂದವರಿಗೆ ಉಸಿರಾಡಲು ಸ್ವಲ್ಪ ಜಾಗ ಸಿಗುತ್ತದೆ. ಎಲ್ಲರೂ ಮೆಲ್ಲಗೆ ನಕ್ಕರು. ತೆಲುಗಿನವರಿಗೆ ತಿಳಿಯಲಿಲ್ಲವೆಂದು ಅವಳು ತೆಲುಗಿನಲ್ಲೂ ಇನ್ನೊಮ್ಮೆ ಹೇಳಿದಳು. ಅವರೂ ನಕ್ಕರು.

ಸುಬ್ಬರಾಯರು ಕನ್ನಡಕ ಒರೆಸಿಕೊಂಡರು. "ಹೌದಮ್ಮ, ನಾನೂ ಅಲ್ಲಿದ್ದೆ. ಆಮೇಲೆ ನನಗೂ ಹೇಳಿದ್ದ. 'ನಂದ ತಪ್ಪು ಸುಬ್ಬರಾಯರ, ಅಳಿಯಂದಿರು ಇರುವಿ ಅಂದಾರ' ಅಂತ. ಎಂಥ ಮನುಷ್ಯ ಗೊತ್ತಾ ನಿಮ್ಮಜ್ಜ? ಮ್ಯಾನೇಜರು ಎದುರಿಗೆ ನಿಂತು ಸಹಿ ಹಾಕು ಅಂದರೂ, ಭೂತಗನ್ನಡಿ ಹಿಡಿದು ಬೆಸುಗೆ ನೋಡದೆ ಒಂದು ಬೋರ್ಡಿಗೂ ಸಹಿ ಹಾಕಿದವನಲ್ಲ. ತನ್ನ ಕಣ್ಣು ತಪ್ಪಿತು ಅಂತ ಅವನು ಒಪ್ಪಿಕೊಂಡದ್ದನ್ನ ನಾನು ಕಂಡದ್ದು ಅದೊಂದೇ ಸಲ."

ನಿರೀಕ್ಷಾ ಹೆಮ್ಮೆಯಿಂದ ತಂದೆಯ ಕಡೆ ನೋಡಿದಳು. ಎಲ್ಲರೂ ನೋಡಿದರು. ಪರಮೇಶ ಹೆಣದ ಗದ್ದ ಹಿಡಿದುಕೊಂಡು ಸುಮ್ಮನೆ ನಿಂತಿದ್ದ.

*

ಮೂರು ವರ್ಷದ ಹಿಂದಿನ ಶ್ರಾವಣದ ಒಂದು ಭಾನುವಾರ. ಭಾನುವಾರ ಬಂತೆಂದರೆ ಪರಮೇಶನ ಸಂಸಾರ ನಾರಾಯಣಗೂಡದಿಂದ ಕುಷಾಯಿಗೂಡಕ್ಕೆ ಊಟಕ್ಕೆ ಬರುವುದು ರೂಢಿ. ಪರಮೇಶ ಜೂನಿಯರ್ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಲೆಕ್ಚರರ್. ಡಾಕ್ಟರಾಗಬೇಕೆಂದು ಒದ್ದಾಡುವ ಹುಡುಗರಿಗೆ ಕೀಟಗಳ ಪಾಠವನ್ನು ಹನ್ನೊಂದು ವರ್ಷ ಬಾಯಿಪಾಠ ಮಾಡಿಸಿದವನು. ಅಷ್ಟೂ ವರ್ಷದಲ್ಲಿ ಜೀವಂತ ಕೀಟವೊಂದನ್ನು ಬಗ್ಗಿ ನೋಡಿದ್ದು ಅವನಿಗೆ ನೆನಪಿಲ್ಲ. ಅವನದು ಪೂರ್ತಿ ಪುಸ್ತಕದ ಬದನೆಕಾಯಿ.

ಬೂದೆಪ್ಪನದು ಬೇರೆ ದಾರಿ. ಕೊಪ್ಪಳದ ಕಡೆಯಿಂದ ಐಟಿಐ ಮುಗಿಸಿ ಬಂದು ಕಾರ್ಖಾನೆ ಸೇರಿದವನು, ನಿವೃತ್ತನಾದ ಮೇಲೆ ಕಣ್ಣಿಗೆ ಕೆಲಸವಿಲ್ಲದೆ ಚಡಪಡಿಸಿ, ಭೂತಗನ್ನಡಿ ಹಿಡಿದು ಹಿತ್ತಲಿಗೆ ಇಳಿದ. ಹಿತ್ತಲೆಂದರೆ ಅಡುಗೆಮನೆಗೂ ಕಾಂಪೌಂಡಿಗೂ ನಡುವೆ ಒಂದು ಪಟ್ಟಿ ಜಾಗ. ಒಂದು ಕರಿಬೇವು, ಒಂದು ಪಪ್ಪಾಯಿ, ಮನೆ ಕಟ್ಟಿದಾಗ ಉಳಿದ ಮರಳಿನ ಗುಡ್ಡೆ. ಆ ಮರಳಿನ ಮೇಲೆ ಓಡಾಡುತ್ತಿದ್ದದ್ದು ಈ ಹುಳ. ಬೆನ್ನು ಇಟ್ಟಿಗೆ ಕೆಂಪು, ಹಿಂಭಾಗ ಕಪ್ಪು, ಅದರ ಮೇಲೆ ಬಿಳಿ ಚುಕ್ಕೆ, ಮೈತುಂಬ ಮಖಮಲ್ಲಿನಂಥ ಕೂದಲು. ಒಂದು ದಿನ ಬೆರಳಿಗೆ ಚುಚ್ಚಿ ಎರಡು ದಿನ ಬೆರಳು ಊದಿ ಬದನೆಕಾಯಿಯಾಗಿತ್ತು. ಆಮೇಲೆ ಬೂದೆಪ್ಪ ಇಪ್ಪತ್ತು ದಿನ ಅದರ ಬೆನ್ನು ಬಿಡಲಿಲ್ಲ.

ಆ ಭಾನುವಾರ ಸುಬ್ಬರಾಯರು, ಕಾಲನಿ ಸಂಘದ ಸತೀಶ, ಇನ್ನು ನಾಲ್ಕು ಜನ ಹಿತ್ತಲಲ್ಲಿ ಸೇರಿದ್ದರು. ಎಲ್ಲರ ಕೈಯಲ್ಲೂ ಅತ್ತೆ ಪಾರ್ವತೆಮ್ಮ ಕೊಟ್ಟ ಚಹಾ. ಬೂದೆಪ್ಪ ಬಾಟಲಿಯನ್ನೂ ಕನ್ನಡಿಯನ್ನೂ ಅಳಿಯನ ಮುಂದೆ ಹಿಡಿದ.

"ನೋಡ್ರಿ ಅಳಿಯಂದ್ರ. ಇರುವಿ ಮೀಸಿ ಮೊಣಕೈ ಮಡಚಿದಂಗ ಇರತಾವು, ಇದರವು ಹಂಗಿಲ್ಲ. ಇರುವಿ ನಡದಾಗ ಗಂಟಿರತೈತಿ, ಇದಕ್ಕಿಲ್ಲ. ಹಿಡದ್ರ ಚಿರ್ ಅಂತ ಒದರತೈತಿ. ಕಚ್ಚಂಗಿಲ್ಲ, ಹಿಂದಿನ ಮುಳ್ಳಿಲೆ ಚುಚ್ಚತೈತಿ. ನನಗ ಇದು ಕಣಜ ಅನಸ್ತೈತಿ. ರೆಕ್ಕಿ ಯಾಕಿಲ್ಲೋ ಅದೊಂದು ತಿಳೀವಲ್ದು. ನೀವು ಓದಿದವರು, ಹೇಳ್ರಿ."

ಪರಮೇಶ ಕನ್ನಡಿಯನ್ನು ತೆಗೆದುಕೊಳ್ಳಲಿಲ್ಲ. ಒಂದು ಕೈಯಲ್ಲಿ ಚಹಾ ಕಪ್ಪಿತ್ತು, ಇನ್ನೊಂದರಲ್ಲಿ ಮೊಬೈಲು. ಮೇಲಿನಿಂದ ಒಮ್ಮೆ ಕಣ್ಣು ಹಾಯಿಸಿದ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ.

"ಇರುವಿ ಮಾವಾರ. ರೆಕ್ಕಿ ಇಲ್ಲದ ಕಣಜ ಎಲ್ಲೈತ್ರಿ? ನಿಮ್ಮ ಸೋಲ್ಡರಿಂಗ್ ಬ್ಯಾರೆ, ಝೂವಾಲಜಿ ಬ್ಯಾರೆ."

ಎಲ್ಲರೂ ಘೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಒಂಬತ್ತು ವರ್ಷದ ನಿರೀಕ್ಷಾ. ಬೂದೆಪ್ಪ ಅಳಿಯನ ಮುಖ ನೋಡಿದ, ಬಾಟಲಿ ನೋಡಿದ. ಅವರ ಕಡೆ ಅಳಿಯ ಮನೆಗೆ ಬಂದರೆ ಕಾಲಿಗೆ ನೀರು ಕೊಡುತ್ತಾರೆ, ಊಟವಾದ ಮೇಲೆ ಮಾವ ತಾನೇ ಟವೆಲ್ ಹಿಡಿದು ನಿಲ್ಲುತ್ತಾನೆ. ನಾಲ್ಕು ಜನರೆದುರು ಅಳಿಯನ ಮಾತಿಗೆ ಎದುರಾಡುವುದಂತೂ ದೂರದ ಮಾತು. ಪರಮೇಶನಿಗೆ ಅದು ಚೆನ್ನಾಗಿ ಗೊತ್ತಿತ್ತು, ಆ ಸುಖ ಅವನಿಗೆ ರೂಢಿಯೂ ಆಗಿತ್ತು.

"ಹಂಗಾದ್ರ ಇರುವೀನ ಇರಬೇಕು," ಎಂದು ಬೂದೆಪ್ಪ ಬಾಟಲಿಯನ್ನು ಅಂಗಿಯೊಳಗೆ ಮುಚ್ಚಿಕೊಂಡ. ಹೊರಡುವಾಗ ಅದನ್ನು ಅಳಿಯನ ಕೈಗೇ ಕೊಟ್ಟ. "ನಿಮ್ಮ ಹುಡುಗರಿಗೆ ತೋರಸಾಕ ಬರತೈತಿ, ಒಯ್ಯಿರಿ."

ಆಮೇಲೆ ಅವನು ಯಾರನ್ನೂ ಹಿತ್ತಲಿಗೆ ಕರೆಯಲಿಲ್ಲ.

ಬುಧವಾರ ಮಧ್ಯಾಹ್ನ ಕಾಲೇಜಿನ ಲ್ಯಾಬಿನಲ್ಲಿ ಬೇಸರ ಕಳೆಯಲೆಂದು ಪರಮೇಶ ಆ ಹುಳವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ. ಮೀಸೆ ಮಡಚಿರಲಿಲ್ಲ. ನಡುವಿನಲ್ಲಿ ಗಂಟಿರಲಿಲ್ಲ. ಬೀರುವಿನಿಂದ ದಪ್ಪ ಪುಸ್ತಕ ತೆಗೆದ. ಇರುವೆಗಳ ಪುಟದಲ್ಲಿ ಅದು ಸಿಗಲಿಲ್ಲ, ಕಣಜಗಳ ಪುಟದಲ್ಲಿ ಸಿಕ್ಕಿತು. ಚಿತ್ರ ಥೇಟ್ ಅದೇ. ಗಂಡಿಗೆ ರೆಕ್ಕೆ ಇರುತ್ತದೆ, ಹೆಣ್ಣಿಗೆ ಇರುವುದಿಲ್ಲ. ನೋಡಿದವರು ಇರುವೆಯೆಂದು ಮೋಸ ಹೋಗುವುದುಂಟು ಎಂದು ಕೆಳಗೆ ಬರೆದಿತ್ತು. ಪರಮೇಶನ ಕಿವಿ ಕಾದವು. ಅದೇ ಹೊತ್ತಿಗೆ ಜೊತೆಯ ಲೆಕ್ಚರರ್ ಅಮೋಲ್ ಇಣುಕಿ, "ಕ್ಯಾ ಹೈ ಸರ್?" ಎಂದ.

"ಕುಛ್ ನಹೀಂ. ಚೀಂಟಿ," ಎಂದು ಹಿಂದಿಯಲ್ಲೂ ಅದನ್ನು ಇರುವೆಯೇ ಮಾಡಿ, ಪರಮೇಶ ಪುಸ್ತಕ ಮುಚ್ಚಿ, ಬಾಟಲಿಯನ್ನು ಕಸದ ಬುಟ್ಟಿಗೆ ಹಾಕಿದ.

ಬರುವ ಭಾನುವಾರ ಹೇಳೋಣವೆಂದುಕೊಂಡ. ಆ ಭಾನುವಾರ ಮನೆಯಲ್ಲಿ ನೆಂಟರಿದ್ದರು. ಅದರ ಮುಂದಿನ ಭಾನುವಾರ ಯಾರೂ ಇರಲಿಲ್ಲ, ಆದರೂ ಹೇಳಲಿಲ್ಲ. ಆರು ತಿಂಗಳಾದ ಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಯೇ ಹುಳಕ್ಕಿಂತ ದೊಡ್ಡದಾಗಿ ನಿಂತಿತು. ಒಂದು ಮಾತು, ಒಂದೇ ಒಂದು ಮಾತು. ಅದನ್ನು ಹೇಳಲಾರದೆ ಅವನು ಮೂರು ವರ್ಷ ಆ ಮನೆಯ ಊಟ ಉಂಡ.

*

"ಅಳಿಯಂದ್ರ, ಸ್ವಲ್ಪ ಒಳಗ ಬರ್ರಿ. ಕರಡಿಗಿ ಸಿಗವಲ್ದು," ಎಂದು ಅಡುಗೆಮನೆಯ ಬಾಗಿಲಿನಿಂದ ಪಾರ್ವತೆಮ್ಮ ಕರೆದಳು.

ಗದ್ದವನ್ನು ಸುಬ್ಬರಾಯರ ಕೈಗೆ ಒಪ್ಪಿಸಿ ಪರಮೇಶ ಒಳಗೆ ಹೋದ. ಲಿಂಗದ ಬೆಳ್ಳಿ ಕರಡಿಗೆ ಅತ್ತೆಯ ಕೈಯಲ್ಲೇ ಇತ್ತು. ಅವಳು ಬಾಗಿಲು ಮುಂದೆ ಮಾಡಿದಳು.

"ಕೂಸು ಹೇಳಿದ ಕತಿ ಕೇಳಿದೆ. ನೀವು ಸುಮ್ಮ ನಿಂತಿದ್ರಿ."

"ಅತ್ತೀ..."

"ಅವರಿಗೆ ಗೊತ್ತಿತ್ತು ಪರಮೇಶಪ್ಪಾ." ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಅವಳು ಅವನ ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಅದು ಕಣಜ ಅಂತಲೇನ್ರಿ?"

"ಕಣಜ ಅಂತ ನಿಮಗ ಗೊತ್ತಾಗಿದ್ದು ಗೊತ್ತಿತ್ತು. ಅದ ವಾರ ಮರಳಾಗ ಎರಡು ಹುಳ ಕೂಡೇ ಕಂಡ್ವು. ಒಂದಕ್ಕ ರೆಕ್ಕಿ ಐತಿ, ಒಂದಕ್ಕಿಲ್ಲ. ಗಂಡಗ ರೆಕ್ಕಿ, ಹೆಂಡ್ತಿಗಿಲ್ಲ ನೋಡು ಪಾರವ್ವಾ ಅಂದ್ರು. ಇದರಾಗ ಹೊಸಾದೇನೈತ್ರಿ ಅಂದೆ. ಭಾಳ ನಕ್ಕರು." ಅವಳ ಮುಖದಲ್ಲಿ ಒಂದು ಕ್ಷಣ ಆ ನಗು ಬಂದು ಹೋಯಿತು. "ಮಂದಿ ಮುಂದ ಹೇಳಿದ್ರ ಅಳಿಯಂದ್ರಿಗೆ ಕಮ್ಮಿ ಆಗತೈತಿ, ಕಾಲೇಜಿಗೆ ಹೋಗಿ ಒಬ್ಬರಿಗೇ ತೋರಸ್ತೀನಿ ಅಂತ ಬುಧವಾರ ಎರಡು ಬಸ್ ಬದಲಿ ಮಾಡಿ ನಾರಾಯಣಗೂಡಕ್ಕ ಬಂದಿದ್ರು. ನೀವು ಬುಕ್ ತಗದು ಕುಂತಿದ್ರಂತ. ಯಾರೋ ಕೇಳಿದ್ದಕ್ಕ ಇರುವಿ ಅಂದು, ಬಾಟ್ಲಿ ಕಸಕ್ಕ ಒಗದ್ರಂತ. ಬಾಗಲದಿಂದಾನ ತಿರುಗಿ ಬಂದ್ರು."

ಪರಮೇಶ ಅಡುಗೆಕಟ್ಟೆಯ ಅಂಚು ಹಿಡಿದುಕೊಂಡ. ಅಂದು ತನ್ನ ಬೆನ್ನ ಹಿಂದೆ ಬಾಗಿಲು ತೆರೆದೇ ಇತ್ತು.

"ಯಾಕ ಕೇಳಲಿಲ್ರಿ ನನ್ನ?"

"ನಾನೂ ಅದನ್ನ ಅಂದೆ. 'ತಪ್ಪು ನಾವು ಹಿಡದ್ರ ರಿಜೆಕ್ಟ್ ಆಗತೈತಿ. ಮಾಡಿದವರು ತಾವ ಬಂದು ಹೇಳಿದ್ರ ರಿಪೇರಿ ಆಗತೈತಿ' ಅಂದ್ರು. ಅವರ ಫ್ಯಾಕ್ಟರಿ ಮಾತು ನನಗೇನು ತಿಳೀತೈತಿ. ಇವತ್ತಿಲ್ಲಾಂದ್ರ ಬರೋ ಐತವಾರ ಹೇಳ್ತಾರ ಅಂತಿದ್ರು. ನೀವು ಉಂಡು ಹಿತ್ತಲಕ್ಕ ಕೈ ತೊಳಕೊಳ್ಳಾಕ ಹ್ವಾದ್ರ, ಟವೆಲ್ ಹಿಡಕೊಂಡು ಹಿಂದ ಬಂದು ನಿಂದರತಿದ್ರಲ್ಲ, ನೀವೇನು ತಿಳಕೊಂಡಿದ್ರಿ? ಅಳಿಯನ ಮರ್ಯಾದಿ ಅಂತನ?"

ಪರಮೇಶನಿಗೆ ಪ್ರತಿ ಭಾನುವಾರದ ಆ ನಿಲುವು ಕಣ್ಣಿಗೆ ಕಟ್ಟಿತು. ಮಾವ ಟವೆಲ್ ಕೊಟ್ಟ ಮೇಲೂ ಒಳಗೆ ಹೋಗುತ್ತಿರಲಿಲ್ಲ, ಮರಳಿನ ಕಡೆ ನೋಡುತ್ತ, ಬಿಸಿಲು ಭಾಳ ಐತಿ ಎಂದೋ, ನಲ್ಲಿ ನೀರು ಕಮ್ಮಿ ಎಂದೋ ಏನಾದರೊಂದು ಅನ್ನುತ್ತ ನಿಲ್ಲುತ್ತಿದ್ದ. ಮುದುಕರ ಹರಟೆ ಎಂದುಕೊಂಡು ತಾನು ಬೇಗ ಬೇಗ ಕೈ ಒರೆಸಿಕೊಂಡು ಒಳಗೆ ನಡೆಯುತ್ತಿದ್ದ. ಭೂಮಿ ಬಾಯಿ ಬಿಡಬಾರದೇ ಅನಿಸಿತು ಅವನಿಗೆ.

"ನನಗ ಹೇಳಬ್ಯಾಡ್ರಿ ಏನೂ," ಎಂದು ಪಾರ್ವತೆಮ್ಮ ಕರಡಿಗೆ ಅವನ ಕೈಗಿಟ್ಟು ಕಣ್ಣೊರೆಸಿಕೊಂಡಳು. "ಆ ಕೂಸಿಗೆ ಹೇಳ್ರಿ. ಅದು ಅಜ್ಜನ ಮ್ಯಾಲ ನಕ್ಕೊಂತ ದೊಡ್ಡದಾಗಬಾರದು."

ಹೊರಗೆ ಬಂದರೆ ಸತೀಶ ಕಾದಿದ್ದ. "ಮೀರು ಲೆಕ್ಚರರ್ ಕದಾ ಸಾರ್, ರೆಂಡು ಮಾಟಲು ಮಾಟ್ಲಾಡಂಡಿ," ಎಂದು ಎಲ್ಲರನ್ನೂ ಸುಮ್ಮನಾಗಿಸಿದ. ಎರಡು ಮಾತು. ಇಂಥ ಅವಕಾಶ ದೇವರೇ ಒದಗಿಸಿದಂತಿತ್ತು. ಪರಮೇಶ ಹೆಣದ ಪಕ್ಕ ನಿಂತು ಗಂಟಲು ಸರಿಮಾಡಿಕೊಂಡ. ಬೂದೆಪ್ಪ ಪ್ರಾಮಾಣಿಕರು, ಶ್ರಮಜೀವಿ ಎಂದ. ಕಾಲನಿಗೆ ತುಂಬಲಾರದ ನಷ್ಟ ಎಂದ. "ನಾನು ಅವರಿಂದ ಭಾಳ ಕಲತೀನಿ," ಎಂದ. ಏನು ಕಲಿತೆ ಎಂದು ಯಾರೂ ಕೇಳಲಿಲ್ಲ, ಸಾವಿನ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಮಾತು ಮುಗಿಸಿ ನೋಡಿದರೆ ನಿರೀಕ್ಷಾ ಅವನನ್ನೇ ನೋಡುತ್ತಿದ್ದಳು, ಪಾರ್ವತೆಮ್ಮ ನೋಡುತ್ತಿರಲಿಲ್ಲ.

*

ಬಂದ ಗಾಡಿಯ ಮೇಲೆ 'ವೈಕುಂಠ ರಥಂ' ಎಂದು ಬರೆದಿತ್ತು. ಜೀವಮಾನವಿಡೀ ಶಿವಪೂಜೆ ಮಾಡಿದವನು ವಿಷ್ಣುವಿನ ಗಾಡಿಯಲ್ಲಿ ಹೋಗಬೇಕಾಯಿತು. ಈ ಊರಿನಲ್ಲಿ ಬೇರೆ ಗಾಡಿ ಸಿಗುವುದು ಕಷ್ಟ. ಹೆಣ್ಣುಮಕ್ಕಳೂ ರುದ್ರಭೂಮಿಗೆ ಹೊರಟರು. ಸುಮಂಗಲಾ ಮಗಳನ್ನು ಬೇಡವೆಂದಳು; "ಬರಲಿ, ಅವರ ಮೊಮ್ಮಗಳು ಅದು," ಎಂದಳು ಪಾರ್ವತೆಮ್ಮ.

ಕುಣಿ ಎದೆಯುದ್ದ ಆಳವಿತ್ತು, ಒಳಗೆ ಒಂದು ಬದಿಗೆ ಕೂರಿಸಲು ಗೂಡು ತೋಡಿದ್ದರು. ಗಂಡುಮಕ್ಕಳಿಲ್ಲದ ಮನುಷ್ಯ, ಹೆಣ ಇಳಿಸಿಕೊಳ್ಳಲು ಅಳಿಯನೇ ಇಳಿಯಬೇಕು. ಪರಮೇಶ ಇಳಿದ. ಮೇಲಿನಿಂದ ನಾಲ್ಕು ಜನ ಮೆಲ್ಲಗೆ ಬಿಟ್ಟರು, ಅವನು ತಬ್ಬಿ ಹಿಡಿದು ಗೂಡಿನಲ್ಲಿ ಕೂರಿಸಿದ. ಮಾವನನ್ನು ಅವನು ತಬ್ಬಿಕೊಂಡದ್ದು ಅದೇ ಮೊದಲು. ಕಟ್ಟು ಬಿಚ್ಚಿದೊಡನೆ ತಲೆ ಬಾಗಿ ಅವನ ಭುಜದ ಮೇಲೆ ಬಂತು.

"ಮಾವಾರ," ಎಂದ ಪರಮೇಶ, ವಿಭೂತಿ ಮೆತ್ತಿದ ಆ ಕಿವಿಯೊಳಗೆ. "ಅದು ಕಣಜ. ನನಗ ಗೊತ್ತಿತ್ತು. ತಪ್ಪಾತ್ರಿ."

ಹೇಳಿದೊಡನೆ ಎದೆ ಹಗುರಾಯಿತು. ಹಗುರಾದದ್ದು ತಿಳಿದ ಕೂಡಲೇ ಮತ್ತೆ ನಾಚಿಕೆಯಾಯಿತು. ಕೇಳುವ ಕಿವಿ ಇದ್ದಾಗ ನೂರೈವತ್ತು ಭಾನುವಾರ ಸುಮ್ಮನಿದ್ದು, ಈಗ ಕೇಳದ ಕಿವಿಗೆ ಹೇಳಿ ಪಾರಾಗುವ ಗಂಡಸು ತಾನು. ತಲೆಯನ್ನು ಗೂಡಿನ ಗೋಡೆಗೆ ಒರಗಿಸಿ, ಸುಬ್ಬರಾಯರು ಚಾಚಿದ ಕೈ ಹಿಡಿದು ಮೇಲೆ ಬಂದ.

ಹೆಣದ ಜೊತೆ ಬಂದಿದ್ದ ಭಜನೆಯವರು ಒಂದು ಪದ ಮುಗಿಸಿ ಇನ್ನೊಂದಕ್ಕೆ ತಾಳ ಸರಿಮಾಡಿಕೊಳ್ಳುತ್ತಿದ್ದರು. ಆ ನಿಶ್ಶಬ್ದದಲ್ಲಿ ನಿರೀಕ್ಷಾಳ ದನಿ ಎಲ್ಲರಿಗೂ ಕೇಳಿಸಿತು.

"ಪಪ್ಪಾ, ಅಜ್ಜನ ಕಿವ್ಯಾಗ ಏನ್ ಹೇಳಿದಿ?"

"ಪಂಚಾಕ್ಷರಿ ಮಂತ್ರ ಹೇಳಿರ್ತಾರೆ ಮಗು," ಎಂದರು ಸುಬ್ಬರಾಯರು. ಅಯ್ಯನವರೂ ಒಪ್ಪಿಗೆಯಿಂದ ತಲೆಯಾಡಿಸಿದರು.

ಹೂಂ ಅಂದರೆ ಸಾಕಿತ್ತು. ಹೂಂ ಅನ್ನುವುದೂ ಬೇಡ, ಸುಮ್ಮನಿದ್ದರೂ ನಡೆಯುತ್ತಿತ್ತು. ಸುಮ್ಮನಿರುವುದರಲ್ಲಿ ಅವನು ಪಳಗಿದವನೇ. ಪರಮೇಶ ಪಾರ್ವತೆಮ್ಮನ ಕಡೆ ನೋಡಿದ. ಅವಳು ಸೆರಗು ಬಾಯಿಗೆ ಹಿಡಿದುಕೊಂಡು ಕುಣಿಯನ್ನೇ ನೋಡುತ್ತಿದ್ದಳು. ಗಂಡನಂತೆ ಅವಳೂ ಕಾಯುತ್ತಿದ್ದಳು.

"ಮಂತ್ರ ಅಲ್ಲ," ಎಂದ ಪರಮೇಶ. "ಅದು ಇರುವಿ ಅಲ್ಲ ನಿರೀಕ್ಷಾ. ಕಣಜಾನ. ಅಜ್ಜ ಹೇಳಿದ್ದ ಖರೆ ಇತ್ತು. ನಾ ಹೇಳಿದ್ದ ತಪ್ಪು."

"ಈಗ ಗೊತ್ತಾತೇನು ನಿನಗ?"

"ಇಲ್ಲ. ಮೂರು ವರ್ಷದ ಹಿಂದನ. ಅವತ್ತಿನ ಮೂರನೇ ದಿನಕ್ಕ."

"ಅಜ್ಜಗ ಹೇಳಲಿಲ್ಲ?"

"ಇಲ್ಲ."

ಹುಡುಗಿ ಲೆಕ್ಕ ಹಾಕುತ್ತಿರುವವಳಂತೆ ನಿಂತಳು. "ಮತ್ತ ನಾನು ಮುಂಜಾನೆ, ಎಲ್ಲಾರ ಮುಂದ..." ಎಂದಳು. ಸುಮಂಗಲಾ ಗಂಡನನ್ನು ಹೊಸದಾಗಿ ಕಂಡವಳಂತೆ ನೋಡಿದಳು. ಸುಬ್ಬರಾಯರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅಯ್ಯನವರು ಸಾವಿನಲ್ಲಿ ಇಂಥದ್ದನ್ನೆಲ್ಲ ಕಂಡವರು. ಉಪ್ಪು, ವಿಭೂತಿ, ಬಿಲ್ವಪತ್ರೆ ತರಲು ಹೇಳಿ ಮುಂದಿನ ಕೆಲಸಕ್ಕೆ ತೊಡಗಿದರು. ಮಣ್ಣು ಬಿತ್ತು. ನಿರೀಕ್ಷಾ ತನ್ನ ಹಿಡಿ ಮಣ್ಣನ್ನು ಅಜ್ಜಿಯ ಪಕ್ಕದಲ್ಲಿ ನಿಂತು ಹಾಕಿದಳು.

ಎಲ್ಲ ಮುಗಿದು ಮಂದಿ ಗೇಟಿನ ಬಳಿ ಬಿಟ್ಟಿದ್ದ ಚಪ್ಪಲಿ ಹುಡುಕುತ್ತಿದ್ದರು. ಪರಮೇಶ ಕಟ್ಟೆಯ ಮೇಲೆ ಕುಳಿತು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದ. ಆಗ ಕಂಡಿತು, ನಿರೀಕ್ಷಾ ಒಬ್ಬೊಬ್ಬರ ಹತ್ತಿರವೇ ಹೋಗಿ ನಿಲ್ಲುತ್ತಿದ್ದಳು. ಮೊದಲು ಸತೀಶನ ಬಳಿ, ಇರುವೆಯಲ್ಲ ಕಣಜ ಎಂದು ತೆಲುಗಿನಲ್ಲಿ: "ಅದಿ ಚೀಮ ಕಾದು ಅಂಕುಲ್, ಕಂದಿರೀಗ. ತಾತ ಚೆಪ್ಪಿಂದೇ ಕರೆಕ್ಟ್." ಆಮೇಲೆ ಪಕ್ಕದ ಮನೆಯವರ ಬಳಿ. ಆಮೇಲೆ ಭಜನೆಯವರ ಬಳಿ, ಕನ್ನಡದಲ್ಲಿ: "ಅಜ್ಜ ಹೇಳಿದ್ದ ಖರೆ ಇತ್ರಿ. ನಾ ನಕ್ಕಿದ್ದು ತಪ್ಪು." ಬೆಳಗ್ಗೆ ನಕ್ಕಿದ್ದವರಲ್ಲಿ ಒಬ್ಬರನ್ನೂ ಅವಳು ಬಿಡಲಿಲ್ಲ, ನಗದವರನ್ನೂ ಬಿಡಲಿಲ್ಲ. ಅವರು ಅವಳ ತಲೆಯ ಮೇಲಿಂದ ಪರಮೇಶನ ಕಡೆ ಒಮ್ಮೆ ನೋಡಿ, ಮತ್ತೆ ತಮ್ಮ ಚಪ್ಪಲಿಯ ಕಡೆ ನೋಡಿಕೊಂಡರು.

ಕೊನೆಗೆ ಉಳಿದವನು ಗಾಡಿಯ ಡ್ರೈವರ್. ಅವನಿಗೆ ಬೂದೆಪ್ಪನೂ ಗೊತ್ತಿಲ್ಲ, ಹುಳವೂ ಗೊತ್ತಿಲ್ಲ. ಅವಳು ಅವನ ಮುಂದೆಯೂ ಹೋಗಿ ನಿಂತು, ಅದೇ ಮಾತನ್ನು ಹಿಂದಿಯಲ್ಲಿ, "ವೋ ಚೀಂಟಿ ನಹೀಂ ಥೀ. ನಾನಾ ಸಹೀ ಬೋಲೇ ಥೇ," ಎಂದಳು. ಬೀಡಿ ಹಚ್ಚಲು ಹೊರಟಿದ್ದ ಡ್ರೈವರ್ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿದ.

"ತೋ ಗಲತ್ ಕೌನ್ ಬೋಲಾ ಬೇಟಾ?"

ನಿರೀಕ್ಷಾ ತಿರುಗಿ, ತಪ್ಪು ಹೇಳಿದವನ ಕಡೆ ಕೈಯನ್ನು ನೀಳವಾಗಿ ಚಾಚಿ ತೋರಿಸಿದಳು. ಡ್ರೈವರ್ ಗುಂಪಿನಲ್ಲಿ ಯಾರೆಂದು ತಿಳಿಯದೆ ಅತ್ತಿತ್ತ ಕಣ್ಣಾಡಿಸಿದ. ಪರಮೇಶ ಇನ್ನೊಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು, ಅವನಿಗೆ ಸರಿಯಾಗಿ ಕಾಣಲೆಂದು ಎದ್ದು ನಿಂತ.